ಡಿಸೆಂಬರ್ 31ಕ್ಕೆ ಮುಗಿಯುವ ಕಾಮನಬಿಲ್ಲು

ರಸ್ತೆ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಷಿಪ್ ವಾರದಲ್ಲಿ ಹೆಚ್ಚಿನವರು ಕಾಯುವುದು ಕೊನೆಯ ಭಾನುವಾರಕ್ಕೆ. ಅವತ್ತು ಎಲೀಟ್, ಅಂದರೆ ದೊಡ್ಡವರ ಮಟ್ಟದ, ಪುರುಷರ ರೇಸ್. ಆರೇಳು ಗಂಟೆ ಸವಾರಿ, 250 ಕಿಲೋಮೀಟರ್‌ಗೂ ಜಾಸ್ತಿ ದೂರ, ಜಗತ್ತಿಗೆಲ್ಲ ಗೊತ್ತಿರುವ ಹೆಸರುಗಳು. ನನ್ನ ಕಣ್ಣು ಮಾತ್ರ ಅದಕ್ಕೂ ಮುಂಚೆ ನಡೆಯುವ ಕಿರಿಯರ ರೇಸುಗಳ ಮೇಲೆ. ಜೂನಿಯರ್ ಅಂದರೆ 17, 18ರ ಹುಡುಗ ಹುಡುಗಿಯರು. ಅದರ ಮೇಲಿನದು ಅಂಡರ್-23. ಇವರ ರೇಸಿನಲ್ಲಿ ಲೆಕ್ಕಾಚಾರ ಕಡಿಮೆ, ನುಗ್ಗುವುದು ಜಾಸ್ತಿ. ದೊಡ್ಡವರು ನಾಲ್ಕು ಗಂಟೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರೆ, ಇವರು ಮೊದಲ ಏರಿನಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಆದರೆ ಈ ರೇಸ್ ನೋಡುವಾಗೆಲ್ಲ ಒಂದು ವಿಷಯ ತಲೆ ತಿನ್ನುತ್ತದೆ. ಸವಾರರಿಗೆ ಇನ್ನೂ ಸರಿಯಾಗಿ ಬೆವರು ಬಂದಿರುವುದಿಲ್ಲ, ಕಾಮೆಂಟೇಟರ್ ಶುರು ಮಾಡಿರುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ. ಇವನನ್ನು ಆ ದೊಡ್ಡ ತಂಡ ಈಗಾಗಲೇ ಬುಕ್ ಮಾಡಿದೆ. ಇವಳ ಅಪ್ಪನೂ ಸೈಕ್ಲಿಸ್ಟ್ ಆಗಿದ್ದವರು. ಐದು ವರ್ಷ ಬಿಟ್ಟು ನೋಡಿ. ಕೇಳುತ್ತ ಕೇಳುತ್ತ ನಾನೂ ಅದೇ ದಾರಿ ಹಿಡಿಯುತ್ತೇನೆ. ಮುಂದೆ ಹೋದವನ ಹುಟ್ಟಿದ ವರ್ಷ ಹುಡುಕುತ್ತೇನೆ, ಎತ್ತರ, ತೂಕ ನೋಡುತ್ತೇನೆ, ಇವನು ಮುಂದೆ ಬೆಟ್ಟ ಹತ್ತುವವನಾ, ಸ್ಪ್ರಿಂಟ್ ಹೊಡೆಯುವವನಾ ಅಂತ ಲೆಕ್ಕ ಹಾಕುತ್ತೇನೆ. ಅಷ್ಟರಲ್ಲಿ ಕಣ್ಣ ಮುಂದೆ ನಡೆಯುತ್ತಿರುವ ರೇಸ್ ಕೈಬಿಟ್ಟು ಹೋಗಿರುತ್ತದೆ. ಇನ್ನೂ ನಡೆಯದ, ಯಾವತ್ತೋ ನಡೆಯಬಹುದಾದ ಇನ್ನೊಂದು ರೇಸಿನ ಟ್ರೇಲರ್ ಥರ ಇದನ್ನು ನೋಡುತ್ತಿರುತ್ತೇನೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತಾರೆ. ಗಾದೆ ಪೂರ್ತಿ ಸುಳ್ಳಲ್ಲ. 1979ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಜೂನಿಯರ್ ಚಾಂಪಿಯನ್ ಆದ ಗ್ರೆಗ್ ಲೆಮಾಂಡ್ ಮುಂದೆ ಮೂರು ಸಲ ಟೂರ್ ಡಿ ಫ್ರಾನ್ಸ್ ಗೆದ್ದರು. 2004ರ ಜೂನಿಯರ್ ಚಾಂಪಿಯನ್ ಮರಿಯಾನ್ ವಾಸ್ ಆಮೇಲೆ ಗೆಲ್ಲದೆ ಬಿಟ್ಟಿದ್ದು ಏನು ಅಂತ ಹುಡುಕಬೇಕು. ಹಾಗಂತ ಗಾದೆಯನ್ನೇ ನಂಬಿ ಕೂತರೂ ಕೆಟ್ಟೆವು. 2024, 2025ರಲ್ಲಿ ಎಲೀಟ್ ಪಟ್ಟ ಗೆದ್ದ ತದೇಯ್ ಪೊಗಾಚಾರ್ ಜೂನಿಯರ್ ಆಗಿದ್ದಾಗ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ಅಂಡರ್-23ಯಲ್ಲೂ ಆಗಲಿಲ್ಲ.

ಇನ್ಸ್‌ಬ್ರುಕ್ ಮಾಡಿದ ಕೆಲಸ

ಈ ಮೊಳಕೆ ನೋಡುವ ಚಾಳಿ ನಮಗೆಲ್ಲ ಜೋರಾಗಿ ಅಂಟಿಕೊಂಡಿದ್ದು 2018ರಲ್ಲಿ ಅಂತ ನನ್ನ ಅನಿಸಿಕೆ. ಆಸ್ಟ್ರಿಯಾದ ಇನ್ಸ್‌ಬ್ರುಕ್. ಬೆಟ್ಟದ ಕೋರ್ಸ್. ಬೆಲ್ಜಿಯಂನ ರೆಮ್ಕೊ ಎವೆನೆಪೋಲ್ ಅನ್ನುವ 18ರ ಹುಡುಗ. ಒಂದೂವರೆ ವರ್ಷದ ಹಿಂದಿನವರೆಗೆ ಅವನು ಫುಟ್‌ಬಾಲ್ ಆಟಗಾರ. ಆಂಡರ್‌ಲೆಕ್ಟ್, ಪಿಎಸ್‌ವಿ ಕ್ಲಬ್ಬುಗಳ ಕಿರಿಯರ ತಂಡದಲ್ಲಿ ಬೆಳೆದವನು. ಅದೇ ಬೇಸಿಗೆಯಲ್ಲಿ ಯುರೋಪಿಯನ್ ಜೂನಿಯರ್ ರೋಡ್ ರೇಸನ್ನು ಒಂಬತ್ತು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದು ಬಂದಿದ್ದ. ಸೈಕಲ್ ರೇಸಿನಲ್ಲಿ ಒಂಬತ್ತು ಸೆಕೆಂಡ್ ಅಂದರೇ ನೆಮ್ಮದಿಯ ಗೆಲುವು. ಇನ್ಸ್‌ಬ್ರುಕ್‌ನ ಟೈಮ್ ಟ್ರಯಲನ್ನೂ (ಒಬ್ಬೊಬ್ಬರೇ ಹೊರಟು ಗಡಿಯಾರದ ಜೊತೆ ಓಡುವ ರೇಸ್) ಒಂದು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಾಗಿತ್ತು. ಹಾಗಾಗಿ ರೋಡ್ ರೇಸಿನಲ್ಲಿ ಎಲ್ಲರ ಕಣ್ಣೂ ಅವನ ಚಕ್ರದ ಮೇಲೇ.

ಅಷ್ಟರಲ್ಲಿ ಒಂದು ಅಪಘಾತದಲ್ಲಿ ಸಿಕ್ಕಿಕೊಂಡು ಎರಡು ನಿಮಿಷದಷ್ಟು ಹಿಂದೆ ಬಿದ್ದ. ಮಾಮೂಲಿ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಬೇಕು. ಮುಂದೆ ದೊಡ್ಡ ಗುಂಪು ಒಬ್ಬರ ಹಿಂದೆ ಒಬ್ಬರು ಗಾಳಿ ಹಂಚಿಕೊಂಡು ಓಡುತ್ತಿರುತ್ತದೆ. ಹಿಂದಿನಿಂದ ಬರುವವನು ಆ ಗಾಳಿಯನ್ನು ತಾನೇ ಸೀಳಿಕೊಂಡು ಬರಬೇಕು. ಅವನು ಬಂದ. ಗುಂಪಿನ ಬಾಲ ಸಿಕ್ಕಿದ ಮೇಲಾದರೂ ಉಸಿರು ತೆಗೆದುಕೊಳ್ಳುತ್ತಾನೆ ಅಂದುಕೊಂಡರೆ ಅದೂ ಇಲ್ಲ, ಮುಂದಕ್ಕೇ ಹೋದ. ಕೊನೆಗೆ ಜೊತೆಗೆ ಉಳಿದದ್ದು ಜರ್ಮನಿಯ ಮಾರಿಯಸ್ ಮೈರ್‌ಹೋಫರ್ ಒಬ್ಬನೇ. ಏರಿನಲ್ಲಿ ಅವನನ್ನೂ ಬಿಟ್ಟು ಒಂಟಿಯಾಗಿ ಫಿನಿಶ್ ಲೈನ್‌ಗೆ ಬಂದ. ಹಿಂದಿದ್ದವರಿಗೆ ಕಾಣದಷ್ಟು ದೂರ.

ನಾನು ಅವತ್ತು ಬಾಯಿ ಬಿಟ್ಟುಕೊಂಡು ನೋಡಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲಿನದು ಎಲ್ಲರಿಗೂ ಗೊತ್ತು. ಅಂಡರ್-23 ಹಂತವನ್ನೇ ಹಾರಿ 2019ರಲ್ಲಿ ನೇರ ವೃತ್ತಿಪರ ತಂಡಕ್ಕೆ ಹೋದ. 19ಕ್ಕೆ ಸಾನ್ ಸೆಬಾಸ್ಟಿಯನ್ ಕ್ಲಾಸಿಕ್ ಗೆದ್ದ. 2020ರಲ್ಲಿ ಇಲ್ ಲೊಂಬಾರ್ದಿಯಾ ರೇಸಿನ ಇಳಿಜಾರಿನಲ್ಲಿ ಸೇತುವೆಯಿಂದ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಎದ್ದು ಬಂದು 2022ರಲ್ಲಿ ಎಲೀಟ್ ವಿಶ್ವ ಚಾಂಪಿಯನ್ ಆದ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ತಂದ. ಅವತ್ತಿನಿಂದ ಪ್ರತಿ ಜೂನಿಯರ್ ರೇಸಿನಲ್ಲೂ ಎಲ್ಲರಿಗೂ ಇನ್ನೊಬ್ಬ ರೆಮ್ಕೊ ಬೇಕು. ಏಜೆಂಟರು 16ರ ಮಕ್ಕಳ ಫೈಲ್ ಇಟ್ಟುಕೊಂಡು ಓಡಾಡುತ್ತಾರೆ. ದೊಡ್ಡ ತಂಡಗಳು ಕಿರಿಯರ ತಂಡಗಳನ್ನು ಕಟ್ಟಿಕೊಂಡಿವೆ. ಜೂನಿಯರ್ ಮುಗಿಯುತ್ತಿದ್ದಂತೆ ವೃತ್ತಿಪರ ಸೈಕ್ಲಿಂಗ್‌ನ ಅತಿ ಮೇಲಿನ ಹಂತವಾದ ವರ್ಲ್ಡ್‌ಟೂರ್‌ಗೆ ಕಾಲಿಡುವುದು ಈಗ ಸುದ್ದಿಯೇ ಅಲ್ಲ. 2022ರ ಜೂನಿಯರ್ ಟೈಮ್ ಟ್ರಯಲ್ ಗೆದ್ದ ಜೋಶುವಾ ಟಾರ್ಲಿಂಗ್ ಮರು ವರ್ಷವೇ ದೊಡ್ಡವರ ಜೊತೆ ಇದ್ದ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಗೆಲ್ಲುವ ತಾಕತ್ತಿರುವವನು ಕಾಯಬೇಕಾದ ಅಗತ್ಯ ಇಲ್ಲ, ಒಪ್ಪುತ್ತೇನೆ. ನನ್ನ ತಕರಾರು ಬೇರೆ. ನೂರೈವತ್ತು ಜನ ಓಡುವ ರೇಸನ್ನು ಒಬ್ಬನ ಸಂದರ್ಶನ ಮಾಡಿಬಿಟ್ಟರೆ ಉಳಿದವರೆಲ್ಲ ಅಲ್ಲಿ ಏನು ಮಾಡುತ್ತಿದ್ದಾರೆ?

ಫ್ಲಾರೆನ್ಸ್‌ನ ಮೂರನೆಯವನು

2013, ಇಟಲಿಯ ಫ್ಲಾರೆನ್ಸ್. ಜೂನಿಯರ್ ಪುರುಷರ ಫಲಿತಾಂಶ ಹೀಗಿದೆ. ಮೊದಲನೆಯವನು ನೆದರ್‌ಲ್ಯಾಂಡ್ಸ್‌ನ ಮಾಥ್ಯೂ ವಾನ್ ಡರ್ ಪೋಲ್. ಎರಡನೆಯವನು ಡೆನ್ಮಾರ್ಕ್‌ನ ಮಾಡ್ಸ್ ಪೆಡರ್ಸನ್. ಇಲ್ಲಿಯವರೆಗೆ ಓದಿದರೆ ಗಾದೆಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಇಬ್ಬರೂ ಮುಂದೆ ಎಲೀಟ್ ವಿಶ್ವ ಚಾಂಪಿಯನ್ ಆದರು. ಅದೂ ಮಜವಾಗಿ. 2019ರಲ್ಲಿ ಯಾರ್ಕ್‌ಷೈರ್‌ನ ಮಳೆಯಲ್ಲಿ ಇಬ್ಬರೂ ಮುಂದಿನ ಗುಂಪಿನಲ್ಲೇ ಇದ್ದರು. ಎಲ್ಲರೂ ವಾನ್ ಡರ್ ಪೋಲ್ ಗೆದ್ದ ಅಂತಲೇ ತೀರ್ಮಾನ ಮಾಡಿದ್ದರು. ಕೊನೆಯ ಸುತ್ತಿನಲ್ಲಿ ಅವನ ಕಾಲು ಇದ್ದಕ್ಕಿದ್ದಂತೆ ಕೈಕೊಟ್ಟಿತು. ಕೆಲವೇ ಕಿಲೋಮೀಟರ್‌ಗಳಲ್ಲಿ ಹಲವು ನಿಮಿಷ ಕಳೆದುಕೊಂಡ. ಗೆದ್ದಿದ್ದು ಪೆಡರ್ಸನ್. ವಾನ್ ಡರ್ ಪೋಲ್ ಸರದಿ ಬಂದಿದ್ದು 2023ರಲ್ಲಿ, ಗ್ಲಾಸ್ಗೊದಲ್ಲಿ. ಅವತ್ತು ಪೆಡರ್ಸನ್ ನಾಲ್ಕನೆಯವನು. ಹದಿಹರೆಯದಲ್ಲಿ ಶುರುವಾದ ಪೈಪೋಟಿ ಹತ್ತು ವರ್ಷ ಹೀಗೇ ನಡೆಯಿತು.

ಆದರೆ ಫ್ಲಾರೆನ್ಸ್‌ನಲ್ಲಿ ಮೂರನೆಯವನೂ ಒಬ್ಬ ಇದ್ದ. ಇಲ್ತ್ಯಾನ್ ನಿಕಾ, ಅಲ್ಬೇನಿಯಾ. ಸೈಕ್ಲಿಂಗ್ ಅಂದರೆ ಬೆಲ್ಜಿಯಂ, ಇಟಲಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಅಂತ ಓದಿಕೊಂಡವರಿಗೆ ಆ ದೇಶದ ಹೆಸರು ಪಟ್ಟಿಯಲ್ಲಿ ಕಂಡರೆ ಮತ್ತೊಮ್ಮೆ ಓದಬೇಕು ಅನಿಸುತ್ತದೆ. ದೊಡ್ಡ ದೇಶಗಳ ಹುಡುಗರಿಗೆ ಜೊತೆಗಾರರಿರುತ್ತಾರೆ. ಒಬ್ಬ ನೀರಿನ ಬಾಟಲಿ ತರುತ್ತಾನೆ. ಇನ್ನೊಬ್ಬ ಮುಂದೆ ನಿಂತು ಗಾಳಿ ಹೊಡೆಸಿಕೊಳ್ಳುತ್ತಾನೆ. ಪಂಕ್ಚರ್ ಆದರೆ ಮತ್ತೊಬ್ಬ ತನ್ನ ಚಕ್ರವನ್ನೇ ಬಿಚ್ಚಿ ಕೊಡುತ್ತಾನೆ. ಸಣ್ಣ ದೇಶದಿಂದ ಬಂದವನಿಗೆ ಇದೆಲ್ಲ ಸಿಗುವುದಿಲ್ಲ. ಎಲ್ಲಿ ಅವಿತುಕೊಳ್ಳಬೇಕು, ಯಾರ ಹಿಂದೆ ಹೋಗಬೇಕು, ಯಾರನ್ನು ಬಿಡಬೇಕು, ಎಲ್ಲ ತಾನೇ ನೋಡಿಕೊಳ್ಳಬೇಕು. ಅಂಥವನು ಮುಂದೆ ಹೆಸರು ಮಾಡಿದ ಇಬ್ಬರ ಬೆನ್ನಿಗೇ ಬಂದು ಪದಕ ಕೊರಳಿಗೆ ಹಾಕಿಸಿಕೊಂಡ.

ಅವನು ಆಮೇಲೆ ವರ್ಲ್ಡ್‌ಟೂರ್‌ನ ದೊಡ್ಡ ಹೆಸರಾಗಲಿಲ್ಲ. ಇಂಥವರ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಒಂದು ಅಯ್ಯೋ ಪಾಪ ಸೇರಿಕೊಳ್ಳುತ್ತದೆ. ಮೊಳಕೆ ಒಣಗಿತು ಅನ್ನುವ ಥರ. ನನಗೆ ಅದೇ ಇಷ್ಟವಾಗದ ಮಾತು. ಅವತ್ತಿನ ಏರುಗಳು ನಿಜ, ಅವತ್ತಿನ ಎದುರಾಳಿಗಳು ನಿಜ, ಅವತ್ತಿನ ಕಂಚು ನಿಜ. ಹತ್ತು ವರ್ಷದ ನಂತರ ಏನಾಯಿತು ಅನ್ನುವುದನ್ನು ತಂದು ಅವತ್ತಿನ ರೇಸಿಗೆ ಮಾರ್ಕ್ಸ್ ಕಳೆಯಲು ನಾವು ಯಾರು? ಸರಿಯಾಗಿ ನೋಡಿದರೆ ಆ ದಿನದ ಅತಿ ಕಷ್ಟದ ಸವಾರಿ ಅವನದೇ ಇರಬಹುದು.

ಕಿವಿಯಲ್ಲಿ ಯಾರೂ ಇಲ್ಲ

ವಿಶ್ವ ಚಾಂಪಿಯನ್‌ಷಿಪ್‌ಗೆ ಒಂದು ವಿಚಿತ್ರ ಇದೆ. ವರ್ಷವೆಲ್ಲ ತಮ್ಮ ತಮ್ಮ ಕ್ಲಬ್, ಕಂಪನಿ ತಂಡಗಳ ಜರ್ಸಿಯಲ್ಲಿ ಒಬ್ಬರನ್ನೊಬ್ಬರು ಸೋಲಿಸಿಕೊಂಡವರು ಆ ವಾರ ಒಂದೇ ದೇಶದ ಜರ್ಸಿ ಹಾಕಿಕೊಂಡು ಜೊತೆಯಾಗಬೇಕು. ದೊಡ್ಡವರಿಗೇ ಇದು ಕಷ್ಟ. 17ರ ಮಕ್ಕಳಿಗೆ ಹೇಗಿರಬೇಡ? ಕಳೆದ ವಾರ ನನ್ನ ಹಿಂದೆ ಕೂತು ಕೊನೆಯಲ್ಲಿ ಸ್ಪ್ರಿಂಟ್ ಹೊಡೆದವನಿಗೆ ಇವತ್ತು ನಾನು ಬಾಟಲಿ ತಂದು ಕೊಡಬೇಕು. ಅದೂ ಇಡೀ ಜಗತ್ತಿನ ತಂಡಗಳ ಕಣ್ಣು ನಮ್ಮ ಮೇಲಿರುವ ದಿನ. ತರುತ್ತಾರೆ, ಅದೇ ಆಶ್ಚರ್ಯ. ಕೆಲವೊಮ್ಮೆ ತರುವುದಿಲ್ಲ, ಆಗ ಒಂದೇ ಬಣ್ಣದ ಜರ್ಸಿಯವರು ಒಬ್ಬರನ್ನೊಬ್ಬರು ಬೆನ್ನಟ್ಟುವ ತಮಾಷೆಯನ್ನೂ ನೋಡಬಹುದು.

ಇನ್ನೊಂದು ವಿಷಯ ರೇಡಿಯೊ. ಇಲ್ಲಿ ಕಿವಿಗೆ ಇಯರ್‌ಪೀಸ್ ಇಲ್ಲ. ಕೋಚ್ ಹಿಂದಿನ ಕಾರಿನಲ್ಲಿ ಕೂತು ಈಗ ಹೋಗು, ಈಗ ನಿಲ್ಲು ಅಂತ ಹೇಳುವಂತಿಲ್ಲ. ಮುಂದೆ ಎಷ್ಟು ಜನ ಹೋಗಿದ್ದಾರೆ, ಎಷ್ಟು ಸೆಕೆಂಡ್ ಅಂತರ ಅನ್ನುವುದು ಬೈಕಿನ ಹಿಂದೆ ಕೂತವರು ಬರೆದು ತೋರಿಸುವ ಬೋರ್ಡ್ ನೋಡಿಯೇ ಗೊತ್ತಾಗಬೇಕು. ಬೋರ್ಡ್ ಬರುವ ಹೊತ್ತಿಗೆ ಲೆಕ್ಕ ಹಳೆಯದಾಗಿರುತ್ತದೆ. ಹಾಗಾಗಿ ಈ ರೇಸುಗಳಲ್ಲಿ ಎರಡನೆಯ ಸ್ಥಾನಕ್ಕೆ ಸ್ಪ್ರಿಂಟ್ ಹೊಡೆಯುತ್ತಿರುವವರಿಗೆ ತಾವು ಎಷ್ಟನೆಯವರು ಅನ್ನುವುದೂ ಸರಿಯಾಗಿ ಗೊತ್ತಿರುವುದಿಲ್ಲ. ರೇಡಿಯೊ ಇಲ್ಲದಿದ್ದರೆ ರೇಸ್ ಚೆನ್ನಾಗಿರುತ್ತದೆ ಅನ್ನುವ ಗುಂಪಿನಲ್ಲಿ ನಾನೂ ಬಹಳ ವರ್ಷ ಇದ್ದೆ. ಸವಾರರು ತಮ್ಮ ತಲೆ ಓಡಿಸಬೇಕಾಗುತ್ತದೆ ಅಲ್ವಾ, ಅದೇ ಅದರ ಚೆಂದ. ಈಗ ಅಷ್ಟು ಸಲೀಸಾಗಿ ಆ ಮಾತು ಬಾಯಿಗೆ ಬರುವುದಿಲ್ಲ.

ಕಾರಣ 2024ರ ಸೆಪ್ಟೆಂಬರ್ 26. ಜ್ಯೂರಿಕ್‌ನಲ್ಲಿ ಜೂನಿಯರ್ ಮಹಿಳೆಯರ ರೇಸ್. ಮಳೆ. ರಸ್ತೆ ಕಾಡಿನ ನಡುವೆ ಇಳಿಯುವ ಕಡೆ ಸ್ವಿಟ್ಜರ್‌ಲ್ಯಾಂಡ್‌ನ ಮ್ಯುರಿಯೆಲ್ ಫ್ಯೂರರ್ ಬಿದ್ದಳು. 18 ವರ್ಷ, ತನ್ನದೇ ದೇಶದ ರಸ್ತೆ. ಅವಳು ಬಿದ್ದಿದ್ದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ರೇಸ್ ಮುಂದೆ ಹೋಯಿತು, ಗೆದ್ದವರು ಗೆದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಮರುದಿನ ಅವಳು ತೀರಿಕೊಂಡಳು.

ಇದನ್ನು ಹೇಗೆ ಬರೆಯಬೇಕು ಅನ್ನುವುದು ನನಗೆ ಈಗಲೂ ಕಷ್ಟ. ಸೈಕ್ಲಿಂಗ್‌ನಲ್ಲಿ ಬೀಳುವುದು ಇದ್ದದ್ದೇ, ಇಳಿಜಾರು ಇದ್ದದ್ದೇ. ಆದರೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ನೂರಾರು ಕಾರು, ಬೈಕು, ಕ್ಯಾಮೆರಾ, ಹೆಲಿಕಾಪ್ಟರ್ ನಡುವೆ, ಒಬ್ಬ ಸವಾರಳು ಕಾಣೆಯಾದದ್ದು ಗೊತ್ತಾಗದೆ ಹೋಗುವುದು ಇದ್ದದ್ದೇ ಅನ್ನುವ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಮೆರಾಗಳೆಲ್ಲ ಮುಂದಿನವರ ಹಿಂದೆ ಇರುತ್ತವೆ. ಹಿಂದುಳಿದವರು ಗುಂಪು ಗುಂಪಾಗಿ ಚದುರಿರುತ್ತಾರೆ. ಯಾರೋ ಒಬ್ಬರು ಕಾಣಲಿಲ್ಲ ಅಂದರೆ ರೇಸ್ ಬಿಟ್ಟಿರಬೇಕು ಅಂದುಕೊಳ್ಳುವುದು ಸುಲಭ. ದೊಡ್ಡವರ ರೇಸಿನ ರಸ್ತೆಯನ್ನೇ ಕಿರಿಯರಿಗೂ ಕೊಡುತ್ತೇವೆ, ದೊಡ್ಡವರಿಗೆ ಇರುವ ಅನುಭವ ಮಾತ್ರ ಅವರಿಗೆ ಇರುವುದಿಲ್ಲ.

ಇದಾದ ಮೇಲೆ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಜಿಪಿಎಸ್ ಟ್ರ್ಯಾಕರ್ ತಂದಿತು. ಅದರ ಪ್ರಯೋಗವೂ ಜಗಳವಿಲ್ಲದೆ ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಮಹಿಳೆಯರ ಟೂರ್ ಡಿ ರೊಮಾಂಡಿಯಲ್ಲಿ ತಂಡಕ್ಕೊಬ್ಬರು ಟ್ರ್ಯಾಕರ್ ಹಾಕಿಕೊಳ್ಳಬೇಕು, ಆ ಒಬ್ಬರನ್ನು ತಂಡವೇ ಹೆಸರಿಸಬೇಕು ಅನ್ನುವುದರ ಮೇಲೆ ತಕರಾರಾಗಿ ಐದು ತಂಡಗಳು ರೇಸಿನಿಂದಲೇ ಹೊರಬಿದ್ದವು. ಡೇಟಾ ಯಾರದು, ಯಂತ್ರ ಯಾರದು ಅನ್ನುವ ಜಗಳ. ಮುಂದಿನ ತಿಂಗಳು ರುವಾಂಡಾದ ಕಿಗಾಲಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸವಾರರೆಲ್ಲರ ಸೈಕಲ್ಲಿನಲ್ಲೂ ಟ್ರ್ಯಾಕರ್ ಬಂತು. ಅಂಗೈಯಲ್ಲಿ ಹಿಡಿಯುವ ಒಂದು ಡಬ್ಬಿ. ಆ ತಂತ್ರಜ್ಞಾನ ಮೊನ್ನೆ ಹುಟ್ಟಿದ್ದೇನಲ್ಲ. ಟಿವಿಯಲ್ಲಿ ಅಂತರ ತೋರಿಸಲು ಮುಂಚೆಯಿಂದಲೇ ಬಳಸುತ್ತಿದ್ದರು. ಅದೇ ಸಿಟ್ಟು ಬರಿಸುವುದು.

ಯಾರ್ಕ್‌ಷೈರ್‌ನಲ್ಲಿ ಇಬ್ಬರ ಗೆಲುವು ಹಾಳಾದದ್ದು

ಇನ್ನೊಂದು ದೃಶ್ಯ 2019ರದ್ದು, ಅಂಡರ್-23 ಪುರುಷರದ್ದು. ಯಾರ್ಕ್‌ಷೈರ್, ಹ್ಯಾರೊಗೇಟ್ ಪಟ್ಟಣದಲ್ಲಿ ಫಿನಿಶ್. ಸಣ್ಣ ಗುಂಪು ಸ್ಪ್ರಿಂಟ್‌ಗೆ ಬಂತು. ನೆದರ್‌ಲ್ಯಾಂಡ್ಸ್‌ನ ನಿಲ್ಸ್ ಎಕ್‌ಹಾಫ್ ಮೊದಲು ದಾಟಿದ. ಕೈ ಎತ್ತಿದ, ಅಪ್ಪುಗೆ, ಕಿರುಚಾಟ, ಎಲ್ಲ ಆಯಿತು. ಆಮೇಲೆ ಏನೋ ತಡ ಆಗತೊಡಗಿತು. ಪೋಡಿಯಂ ಶುರುವಾಗುತ್ತಿಲ್ಲ. ಅಧಿಕಾರಿಗಳು ವೀಡಿಯೊ ನೋಡುತ್ತಿದ್ದಾರೆ ಅನ್ನುವ ಸುದ್ದಿ. ಕೊನೆಗೆ ತೀರ್ಪು ಬಂತು: ಅನರ್ಹ. ಫಿನಿಶ್‌ಗೆ ಇನ್ನೂ ನೂರು ಕಿಲೋಮೀಟರ್‌ಗೂ ಜಾಸ್ತಿ ಇರುವಾಗ ಅವನು ಬಿದ್ದಿದ್ದ. ಎದ್ದು ಗುಂಪು ಸೇರುವಾಗ ತಂಡದ ಕಾರಿನ ಹಿಂದೆ, ಅದರ ಗಾಳಿಯ ನೆರಳಿನಲ್ಲಿ, ಅಗತ್ಯಕ್ಕಿಂತ ಜಾಸ್ತಿ ಹೊತ್ತು ಬಂದಿದ್ದ. ಚಿನ್ನ ಇಟಲಿಯ ಸಾಮುಯೆಲೆ ಬಟ್ಟಿಸ್ತೆಲ್ಲಾಗೆ ಹೋಯಿತು.

ಟಿವಿ ಕ್ಯಾಮೆರಾ ಮುಂದೆ ಆ 21ರ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಮೈಕ್ ಹಿಡಿದವರಿಗೆ ಮೈಕ್ ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಹೊಳೆಯಲಿಲ್ಲ, ಅಥವಾ ಹೊಳೆದರೂ ತೆಗೆಯಲಿಲ್ಲ. ನಾನೂ ಚಾನೆಲ್ ಬದಲಾಯಿಸಲಿಲ್ಲ ಬಿಡಿ.

ನಿಯಮ ಅಂದರೆ ನಿಯಮ, ಅದರಲ್ಲಿ ನನಗೆ ಅನುಮಾನ ಇಲ್ಲ. ಕಾರಿನ ಹಿಂದೆ ಬರುವುದು ಪುಕ್ಕಟೆ ಸವಾರಿ. ಆದರೆ ಈ ಆಟ ಗೊತ್ತಿರುವವರಿಗೆ ಇನ್ನೊಂದೂ ಗೊತ್ತು. ಬಿದ್ದವರು, ಪಂಕ್ಚರ್ ಆದವರು ಕಾರುಗಳ ಸಾಲಿನ ನಡುವೆ ನುಸುಳಿಕೊಂಡು ವಾಪಸ್ ಬರುವುದನ್ನು ಅಧಿಕಾರಿಗಳು ಸುಮ್ನೆ ನೋಡಿಯೂ ನೋಡದ ಹಾಗೆ ಇರುತ್ತಾರೆ. ಎಷ್ಟು ಹೊತ್ತು ಬಂದರೆ ಜಾಸ್ತಿ ಅನ್ನುವುದಕ್ಕೆ ರಸ್ತೆಯ ಮೇಲೆ ಗೆರೆ ಇಲ್ಲ. ಹೀಗಿರುವಾಗ ತಪ್ಪಾಗಿದ್ದರೆ ಆಗಲೇ ನಿಲ್ಲಿಸಬೇಕಿತ್ತು. ಆಮೇಲೆ ಎರಡು ಮೂರು ಗಂಟೆ ಅವನನ್ನು ಓಡಲು ಬಿಟ್ಟು, ಗೆಲ್ಲಲು ಬಿಟ್ಟು, ಕುಣಿಯಲು ಬಿಟ್ಟು ಆಮೇಲೆ ಕರೆದದ್ದು ನನಗೆ ಈಗಲೂ ಅರಗುವುದಿಲ್ಲ. ಬಟ್ಟಿಸ್ತೆಲ್ಲಾನ ಗತಿಯೂ ಅಷ್ಟೇ. ವಿಶ್ವ ಚಾಂಪಿಯನ್ ಆದವನು ಕೈ ಎತ್ತಿಕೊಂಡು ಗೆರೆ ದಾಟಲೇ ಇಲ್ಲ. ಸೋತೆ ಅಂತ ದಾಟಿದ, ಆಮೇಲೆ ಯಾರೋ ಬಂದು ಗೆದ್ದೆ ಅಂದರು. ನಾಲ್ಕನೆಯವನಾಗಿದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್‌ಗೆ ಮನೆಯ ಜನರ ಮುಂದೆ ಕಂಚು ಬಂತು. ಅವನೂ ಪೂರ್ತಿ ನಗುವಂತಿರಲಿಲ್ಲ.

7.93 ಮೀಟರ್

ಸ್ವಲ್ಪ ಅಡ್ಡದಾರಿ. ಗೇರಿನ ವಿಷಯದಲ್ಲಿ ಆಸಕ್ತಿ ಇಲ್ಲದವರು ಇದನ್ನು ಹಾರಿ ಮುಂದೆ ಹೋಗಬಹುದು.

2022ರ ಕೊನೆಯವರೆಗೆ ಜೂನಿಯರ್‌ಗಳಿಗೆ ಗೇರಿನ ಮಿತಿ ಇತ್ತು. ಪೆಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಸೈಕಲ್ 7.93 ಮೀಟರ್‌ಗಿಂತ ಮುಂದೆ ಹೋಗಬಾರದು. ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಅಂದರೆ ಸರಿಸುಮಾರು ಅಷ್ಟು. ರೇಸಿಗೆ ಮುಂಚೆಯೋ ನಂತರವೋ ಸೈಕಲ್ಲನ್ನು ನೆಲದ ಮೇಲೆ ಎಳೆದ ಗೆರೆಯಲ್ಲಿ ನಿಲ್ಲಿಸಿ, ಅತಿ ದೊಡ್ಡ ಗೇರಿಗೆ ಹಾಕಿ, ಪೆಡಲ್ ಒಂದು ಸುತ್ತು ಬರುವವರೆಗೆ ಹಿಂದಕ್ಕೆ ತಳ್ಳಿ ಅಳೆಯುತ್ತಿದ್ದರು. ಎರಡನೆಯ ಗೆರೆ ದಾಟಿದರೆ ಕಥೆ ಮುಗಿಯಿತು, ಎಷ್ಟನೆಯವನಾಗಿ ಬಂದಿದ್ದರೂ. ಸೀಟಿನ ಮೇಲೆ ಕೂತು ಜಗತ್ತನ್ನೇ ಗೆದ್ದವನು ಆ ಎರಡು ಗೆರೆಗಳ ಪಕ್ಕ ನಿಂತು ಉಗುರು ಕಚ್ಚುವುದು.

ಉದ್ದೇಶ ಒಳ್ಳೆಯದೇ. ಬೆಳೆಯುವ ಮಂಡಿಗೆ ಭಾರದ ಗೇರ್ ಬೇಡ, ಬಲದಿಂದ ತುಳಿಯುವ ಬದಲು ವೇಗವಾಗಿ ತಿರುಗಿಸುವುದನ್ನು ಕಲಿಯಲಿ. ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಈ ಗೇರಿನಲ್ಲಿ ನಿಮಿಷಕ್ಕೆ 105 ಸುತ್ತು ತುಳಿಯಬೇಕು. 65ರ ವೇಗದ ಇಳಿಜಾರಿನಲ್ಲಿ 137. ಆ ಹೊತ್ತಿಗೆ ಕಾಲು ಫ್ಯಾನ್ ರೆಕ್ಕೆ ಆಗಿರುತ್ತದೆ, ಪೃಷ್ಠ ಸೀಟಿನ ಮೇಲೆ ಕುಣಿಯುತ್ತಿರುತ್ತದೆ. ದೊಡ್ಡವರ ದೊಡ್ಡ ಗೇರು ಒಂದು ಸುತ್ತಿಗೆ 10 ಮೀಟರ್ ಹೋಗುತ್ತದೆ, ಅವರಿಗೆ ಅದೇ 65ರಲ್ಲಿ 110ಕ್ಕೂ ಕಡಿಮೆ ಸುತ್ತು ಸಾಕು. 2023ರ ಜನವರಿಯಿಂದ ಮಿತಿ ಹೋಯಿತು. ಹೊಸ ಸೈಕಲ್ಲುಗಳಿಗೆ 14 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಹುಡುಕುವುದು ತಲೆನೋವಾಗಿತ್ತು ಅನ್ನುವುದು ನಿಜ. ನನಗೆ ಎರಡೂ ಕಡೆಯ ವಾದ ಅರ್ಥವಾಗುತ್ತದೆ. ಆದರೂ ಮಿತಿ ಇದ್ದಾಗ ಒಂದು ಮಾತು ಸ್ಪಷ್ಟವಾಗಿತ್ತು. ಇವರು ಇನ್ನೂ ಬೆಳೆಯುತ್ತಿರುವವರು, ಇವರ ಆಟಕ್ಕೆ ಬೇರೆ ಅಳತೆ ಇದೆ. ಈಗ ಅವರ ಕೈಯಲ್ಲಿರುವುದು ದೊಡ್ಡವರ ಸೈಕಲ್ಲೇ. ಇಳಿಜಾರಿನಲ್ಲಿ ದೊಡ್ಡವರ ವೇಗವೇ.

ತಾರೀಕಿನ ಜೊತೆ ಓಟ

ಈ ರೇಸುಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಕ್ಯಾಲೆಂಡರ್. ವಯಸ್ಸನ್ನು ಲೆಕ್ಕ ಹಾಕುವುದು ಹುಟ್ಟಿದ ವರ್ಷದಿಂದ. ಆ ವರ್ಷ 17 ಅಥವಾ 18 ತುಂಬುವವರೆಲ್ಲ ಜೂನಿಯರ್. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಸಣ್ಣ ವಿಷಯವಲ್ಲ. ಒಬ್ಬನ ಭುಜ ಅಗಲವಾಗಿರುತ್ತದೆ, ಇನ್ನೊಬ್ಬನಿಗೆ ಮೀಸೆ ಸರಿಯಾಗಿ ಬಂದಿರುವುದಿಲ್ಲ.

ಇನ್ನು ವಿಶ್ವ ಚಾಂಪಿಯನ್ ಆದವರಿಗೆ ಸಿಗುವ ಆ ಕಾಮನಬಿಲ್ಲಿನ ಜರ್ಸಿ. ಬಿಳಿಯ ಮೇಲೆ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಪಟ್ಟಿಗಳು. ಗೆದ್ದವರು ಅದನ್ನು ಹಾಕಿಕೊಂಡು ಒಂದು ವರ್ಷ ರೇಸ್ ಮಾಡಬಹುದು, ಆದರೆ ಗೆದ್ದ ವಿಭಾಗದಲ್ಲಿ ಮಾತ್ರ. ಈಗ ಇಬ್ಬರನ್ನು ಪಕ್ಕ ಪಕ್ಕ ಇಟ್ಟು ನೋಡಿ. ಡೆನ್ಮಾರ್ಕ್‌ನ ಆಲ್ಬರ್ಟ್ ಫಿಲಿಪ್ಸನ್, ಇಟಲಿಯ ಲೊರೆಂಜೊ ಫಿನ್. ಇಬ್ಬರೂ 2006ರಲ್ಲಿ ಹುಟ್ಟಿದವರು. ಫಿಲಿಪ್ಸನ್ 2023ರ ಆಗಸ್ಟ್‌ನಲ್ಲಿ ಗ್ಲಾಸ್ಗೊದಲ್ಲಿ ಗೆದ್ದ, ಇನ್ನೂ 17 ತುಂಬಿರಲಿಲ್ಲ. ಜೂನಿಯರ್ ಆಗಿ ಇನ್ನೊಂದು ವರ್ಷ ಬಾಕಿ ಇತ್ತು, ಹಾಗಾಗಿ ಕಾಮನಬಿಲ್ಲು ಮೈಮೇಲೆ ಹೊತ್ತು ಓಡಾಡಿದ. ಫಿನ್ 2024ರ ಸೆಪ್ಟೆಂಬರ್ ಕೊನೆಗೆ ಜ್ಯೂರಿಕ್‌ನಲ್ಲಿ ಗೆದ್ದ. ಆ ಹೊತ್ತಿಗೆ ಸೀಸನ್ ಹೆಚ್ಚುಕಡಿಮೆ ಮುಗಿದಿರುತ್ತದೆ. ಡಿಸೆಂಬರ್ 31 ದಾಟಿತು, ಅವನು ಜೂನಿಯರ್ ಅಲ್ಲ. ಜರ್ಸಿ ಗೋಡೆಗೆ ಹೋಯಿತು. ಹೆಚ್ಚಿನ ಜೂನಿಯರ್ ಚಾಂಪಿಯನ್‌ಗಳ ಗತಿ ಇದೇ. ಯಾಕೆಂದರೆ ಗೆಲ್ಲುವವರು ಸಾಮಾನ್ಯವಾಗಿ ಎರಡನೆಯ ವರ್ಷದವರು. ಫಿನ್ ಏನು ಮಾಡಿದ ಅಂದರೆ, 2025ರಲ್ಲಿ ಕಿಗಾಲಿಗೆ ಹೋಗಿ, ತನಗಿಂತ ಮೂರ್ನಾಲ್ಕು ವರ್ಷ ದೊಡ್ಡವರ ನಡುವೆ ಅಂಡರ್-23 ಗೆದ್ದು, ಇನ್ನೊಂದು ತಂದ. 18ಕ್ಕೆ. ಈ ಸಲ ಹಾಕಿಕೊಳ್ಳಲು ಸಮಯ ಇದೆ. ನೋಡಿ, ನಾನೂ ಅವನ ಭವಿಷ್ಯದ ಮಾತಿಗೇ ಬಂದೆ.

2020ರಲ್ಲಿ ಕೋವಿಡ್‌ನಿಂದಾಗಿ ಇಮೋಲಾದಲ್ಲಿ ನಡೆದದ್ದು ಎಲೀಟ್ ರೇಸುಗಳಷ್ಟೇ. ಜೂನಿಯರ್, ಅಂಡರ್-23 ಎರಡೂ ರದ್ದು. ದೊಡ್ಡವರಿಗೆ ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಇದೆ. 2002ರಲ್ಲಿ ಹುಟ್ಟಿದವರಿಗೆ ಜೂನಿಯರ್ ಆಗಿ ಮುಂದಿನ ವರ್ಷ ಇರಲಿಲ್ಲ. ಆ ವರ್ಷದ ಚಾಂಪಿಯನ್ ಯಾರಾಗುತ್ತಿದ್ದರು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ದಾಖಲೆಯಲ್ಲಿ ಒಂದು ಖಾಲಿ ಸಾಲು.

ಹುಡುಗಿಯರ ವಿಷಯದಲ್ಲಿ ಖಾಲಿ ಜಾಗ ಇನ್ನೂ ದೊಡ್ಡದಿತ್ತು. ಅಂಡರ್-23 ಮಹಿಳೆಯರಿಗೆ 2021ರವರೆಗೆ ಪಟ್ಟವೇ ಇರಲಿಲ್ಲ. ಆಮೇಲೆ ಮೂರು ವರ್ಷ ಎಲೀಟ್ ರೇಸಿನಲ್ಲೇ ಓಡಿಸಿ, ಅದರಲ್ಲಿ ಮೊದಲು ಬಂದ 23ರೊಳಗಿನವರಿಗೆ ಕೊಟ್ಟರು. ಒಂದೇ ರಸ್ತೆಯಲ್ಲಿ ಎರಡು ರೇಸ್. ಮುಂದಿರುವ ತನ್ನ ದೇಶದ ಎಲೀಟ್ ಸವಾರಳಿಗಾಗಿ ದುಡಿಯಬೇಕಾ, ತನ್ನ ಪಟ್ಟ ನೋಡಿಕೊಳ್ಳಬೇಕಾ? 19ರ ಹುಡುಗಿಗೆ ಅದು ಎಂಥ ಸಂಕಟ. ಅವರದ್ದೇ ಸ್ವಂತ ರೇಸ್ ಸಿಕ್ಕಿದ್ದು 2025ರ ಕಿಗಾಲಿಯಲ್ಲಿ. ಫ್ರಾನ್ಸ್‌ನ ಸೆಲಿಯಾ ಜೆರಿ ಗೆದ್ದಳು.

ಕಿಗಾಲಿ, ಆಮೇಲೆ ಮಾಂಟ್ರಿಯಲ್

ಕಿಗಾಲಿ ಅಂದರೆ ಆಫ್ರಿಕಾದ ನೆಲದಲ್ಲಿ ನಡೆದ ಮೊದಲ ರಸ್ತೆ ವಿಶ್ವ ಚಾಂಪಿಯನ್‌ಷಿಪ್. ಸಮುದ್ರ ಮಟ್ಟದಿಂದ 1500 ಮೀಟರ್ ಎತ್ತರದ ಊರು, ನೆಟ್ಟಗಿನ ರಸ್ತೆಯೇ ಇಲ್ಲ ಅನ್ನಿಸುವ ಕೋರ್ಸ್. ಎಲೀಟ್ ಪುರುಷರ ರೇಸಿನಲ್ಲಿ ಹೊರಟ 160ಕ್ಕೂ ಜಾಸ್ತಿ ಜನರಲ್ಲಿ ಮುಗಿಸಿದವರು 30. ಯುರೋಪಿನ ಕೆಲವು ದೇಶಗಳು ಖರ್ಚಿನ ಮಾತೆತ್ತಿ ಕಿರಿಯರ ತಂಡಗಳನ್ನು ಕತ್ತರಿಸಿದವು. ದುಡ್ಡು ಉಳಿಸಬೇಕಾದಾಗ ಮೊದಲು ಕೈ ಹೋಗುವುದು ಅಲ್ಲಿಗೇ. ಭವಿಷ್ಯ, ಭವಿಷ್ಯ ಅಂತ ಬಾಯಿ ತುಂಬ ಹೇಳುವವರೇ ಇವರು. ಹಾಗೆ ಬಿಟ್ಟು ಬಂದವರಲ್ಲಿ ಎಷ್ಟು ಜನರಿಗೆ ಅದು ಜೂನಿಯರ್ ಆಗಿ ಕೊನೆಯ ವರ್ಷವಾಗಿತ್ತೋ.

ಅಲ್ಲಿ ಜೂನಿಯರ್ ಮಹಿಳೆಯರ ರೇಸ್ ಗೆದ್ದದ್ದು ಸ್ಪೇನ್‌ನ ಪೌಲಾ ಓಸ್ತಿಸ್. ಹಿಂದಿನ ವರ್ಷ ಜ್ಯೂರಿಕ್‌ನಲ್ಲಿ ಕ್ಯಾಟ್ ಫರ್ಗ್ಯೂಸನ್ ಹಿಂದೆ ಎರಡನೆಯವಳಾಗಿ ಬಂದವಳು. ಅದೇ ಮಳೆ, ಅದೇ ರೇಸ್. ಗೆರೆ ದಾಟಿದಾಗ ಎರಡನೆಯ ಸ್ಥಾನದ ಬೇಜಾರು ಇದ್ದಿರಬಹುದು. ಮರುದಿನ ಆ ಬೇಜಾರಿಗೆ ಏನು ಬೆಲೆ ಉಳಿದಿತ್ತೋ. ಕಿಗಾಲಿ ಅವಳಿಗೆ ಜೂನಿಯರ್ ಆಗಿ ಕೊನೆಯ ಅವಕಾಶ. ಸುಮಾರು 75 ಕಿಲೋಮೀಟರ್ ರೇಸ್ ಸ್ಪ್ರಿಂಟ್‌ಗೆ ಬಂತು, ಅವಳು ಮುಂದೆ ಇದ್ದಳು. ಪ್ರಸಾರದಲ್ಲಿ ಅವಳ ಒಪ್ಪಂದದ ವಿಷಯ, ಮುಂದಿನ ತಂಡದ ವಿಷಯ ಬಂದರೂ ಬಂದಿರಬಹುದು. ನನಗೆ ನೆನಪಿರುವುದು ಸ್ಪ್ರಿಂಟ್.

2026ರದ್ದು ಮಾಂಟ್ರಿಯಲ್‌ನಲ್ಲಿ. 1974ರಲ್ಲಿ ಎಡ್ಡಿ ಮರ್ಕ್ಸ್ ತಮ್ಮ ಕೊನೆಯ ವಿಶ್ವ ಪಟ್ಟ ಗೆದ್ದ ಊರು. 2008, 2009ರಲ್ಲಿ ಹುಟ್ಟಿದವರು ಜೂನಿಯರ್‌ಗಳು. 2008ರವರಿಗೆ ಅದು ಕೊನೆಯದು. ಪ್ರಸಾರ ಮಾಡುವವರಲ್ಲಿ ಒಂದೇ ಒಂದು ಬೇಡಿಕೆ. ಒಂದು ಕ್ಯಾಮೆರಾ ಬೈಕನ್ನಾದರೂ ಹಿಂದೆ ಬಿಡಿ. ಸುತ್ತು ತಪ್ಪಿ ಹಿಂದುಳಿದವರನ್ನು ಅಧಿಕಾರಿಗಳು ಕೈ ತೋರಿಸಿ ರೇಸಿನಿಂದ ಇಳಿಸುತ್ತಾರಲ್ಲ, ಅವರ ಹೆಸರು, ದೇಶ, ಇನ್ನೆಷ್ಟು ಸುತ್ತು ಬಾಕಿ ಇತ್ತು ಅನ್ನುವುದನ್ನು ಪರದೆಯ ಕೆಳಗೆ ಹಾಕಿ. ಯಾರಿಗೆ ಯಾವ ತಂಡ ಸಿಕ್ಕಿತು ಅನ್ನುವುದನ್ನು ಮರುದಿನ ಹೇಳಿದರೂ ನಡೆಯುತ್ತದೆ.